ದಮ್ಮು ಬಿಡುವ ಪಾಠ

ಕರಜಗಿಯ ಹುಲೆಪ್ಪನಿಗೆ ಸಮುದ್ರದ ಮೇಲೆ ಸಿಟ್ಟು. ಜನ್ಮದಲ್ಲಿ ಒಮ್ಮೆಯೂ ನೋಡದ ಸಮುದ್ರದ ಮೇಲೆ ಎಂಥ ಸಿಟ್ಟು ಎಂದು ನೀವು ನಗಬಹುದು. ಒಬ್ಬನೇ ಮಗ ಅದರ ತಳಕ್ಕೆ ಇಳಿಯುತ್ತೇನೆಂದು ಹಟ ಹಿಡಿದರೆ ನಿಮಗೂ ಬರುತ್ತದೆ, ತಡೆಯಿರಿ.

ಮಗ ದೇವಾನಂದ ಆಳಂದದಲ್ಲಿ ದನದ ಡಾಕ್ಟರು. ಖಜೂರಿ ಕಡೆಯ ಎಮ್ಮೆಗಳಿಗೆಲ್ಲ ಅವನ ಕೈಗುಣ ಗೊತ್ತು. ಸೊಸೆ ಮಧುಮತಿ ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಇಬ್ಬರೂ ಒಮ್ಮೆ ರಜೆಗೆಂದು ಮುರ್ಡೇಶ್ವರಕ್ಕೆ ಹೋದರು. ಅವಳು ದಂಡೆಯಲ್ಲಿ ಕೂತು ಐಸ್‌ಕ್ರೀಮು ತಿಂದು ಬಂದಳು. ಇವನು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರೊಳಗೆ ಉಸಿರಾಡುವುದನ್ನು ಕಲಿತು ಬಂದ. ಅಂದು ಹತ್ತಿದ ಹುಚ್ಚು ಇಳಿಯಲೇ ಇಲ್ಲ. ಊಟಕ್ಕೆ ಕೂತರೂ ಮೀನಿನ ಮಾತು, ಮಲಗಿದರೂ ಹವಳದ ಮಾತು ಎಂದು ಮಧುಮತಿ ಅತ್ತೆಯ ಹತ್ತಿರ ದೂರು ಹೇಳುತ್ತಿದ್ದಳು. ಹೇಳುವಾಗ ನಗುತ್ತಲೂ ಇದ್ದಳು, ಅದಕ್ಕೇ ಆ ದೂರನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ದೀಪಾವಳಿ ರಜೆಗೆ ಊರಿಗೆ ಬಂದವನು ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದು ಅಪ್ಪನ ಮುಂದೆ ಹಿಡಿದ. ಹುಲೆಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಒಳಗೆ ಹೆಂಡತಿ ಕಸ್ತೂರಿಬಾಯಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಅಪ್ಪಾ, ಇದು ನೋಡು. ಹಡಗ. ನೂರು ಅಡಿ ನೀರಿನ ಕೆಳಗ ಬಿದ್ದದ."

"ಮುಳುಗಿದ್ದು ಮುಳುಗಿ ಹೋತು. ಅದರಾಗ ಏನ್ ನೋಡೂದದ?"

"ಅದನ್ನ ನೋಡಾಕ ಯಾವ್ಯಾವ ದೇಶದಿಂದ ಮಂದಿ ಬರ್ತಾರ, ಗೊತ್ತದೇನು? ಫೆಬ್ರವರಿದಾಗ ನಾನೂ ಹೋಗಾಕತ್ತೇನಿ. ಅಂಡಮಾನಕ್ಕ. ಟಿಕೀಟ್ ಆಗೇದ."

ಹುಲೆಪ್ಪ ಬಸಿಯನ್ನು ಕೆಳಗಿಟ್ಟ. ಬೇರೆ ಯಾವ ಅಪ್ಪನಾದರೂ ಖರ್ಚೆಷ್ಟು, ರಜೆ ಸಿಕ್ಕಿತೇ ಎಂದು ಕೇಳುತ್ತಿದ್ದ. ಹುಲೆಪ್ಪ ಕೇಳಿದ್ದು ಒಂದೇ: "ಅದರಾಗ ಮಂದಿ ಸತ್ತಾರೇನು?"

ಅವನು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಚೌಡಾಪುರದಿಂದ ಜೇವರ್ಗಿಯ ಸೇತುವೆಯ ತನಕ ಹುಲೆಪ್ಪನ ಹೆಸರು ಗೊತ್ತಿಲ್ಲದ ಊರಿರಲಿಲ್ಲ. ಆದರೆ ಹೆಸರು ಬಂದದ್ದು ಯಾರಿಗೂ ಬೇಡವಾದ ಕೆಲಸದಿಂದ. ಬಾವಿಗೆ ಬಿದ್ದವರನ್ನು, ಭೀಮಾ ನದಿಯಲ್ಲಿ ಮುಳುಗಿದವರನ್ನು ಮೇಲೆ ತರುವವನು ಅವನು. ಅವನ ಹರೆಯದಲ್ಲಿ ಅವರ ಓಣಿಯವರು ಶ್ರೀಮಂತಗೌಡರ ದೊಡ್ಡ ಬಾವಿಗೆ ಒಂದು ಕೊಡ ಇಳಿಸುವಂತಿರಲಿಲ್ಲ. ಆದರೆ ಅದೇ ಬಾವಿಗೆ ಯಾರಾದರೂ ಬಿದ್ದರೆ ಮೊದಲು ಓಡಿ ಬರುತ್ತಿದ್ದುದು ಅದೇ ಓಣಿಗೆ. ಅವರು ನೀರು ಸೇದಿದರೆ ಬಾವಿ ಕೆಡುತ್ತದೆ, ಹೆಣ ಎತ್ತಿದರೆ ಕೆಡುವುದಿಲ್ಲ! ಈ ಲೆಕ್ಕ ಹಾಕಿದ ಬುದ್ಧಿವಂತ ಯಾರೋ, ಸಿಕ್ಕರೆ ನಾಲ್ಕು ಮಾತು ಕೇಳುವುದಿದೆ.

ಹುಲೆಪ್ಪ ಮಾತ್ರ ಏನನ್ನೂ ಕೇಳುತ್ತಿರಲಿಲ್ಲ. ಧೋತರ ಬಿಗಿದು ನೀರಿಗೆ ಇಳಿಯುವ ಮೊದಲು ಸತ್ತವರ ಮನೆಯವರನ್ನು ಕರೆದು, "ಮನ್ಯಾಗ ಏನಂತ ಕರೀತಿದ್ರಿ?" ಎಂದಷ್ಟೇ ಕೇಳುತ್ತಿದ್ದ. ಶಾಲೆಯ ಹೆಸರು ಅವನಿಗೆ ಬೇಡ, ಅವ್ವ ಕರೆಯುವ ಹೆಸರು ಬೇಕು. ತಳದಲ್ಲಿ ತೋಳು ಕೈಗೆ ಸಿಕ್ಕಾಗ ಮನಸ್ಸಿನಲ್ಲೇ ಆ ಹೆಸರು ಹಿಡಿದು, ಬಾ, ಮನೆಗೆ ಹೋಗೋಣ ಎನ್ನುತ್ತಿದ್ದ. ಹಾಗೆ ಕರೆದರೆ ಹೆಣ ಹಗುರಾಗಿ ಬರುತ್ತದೆ ಎಂದು ಅವನ ನಂಬಿಕೆ. ಈಗ ಅಗ್ನಿಶಾಮಕದವರು ಬರುತ್ತಾರೆ. ಎಪ್ಪತ್ತು ದಾಟಿದ ಹುಲೆಪ್ಪನನ್ನು ಯಾರೂ ಕರೆಯುವುದಿಲ್ಲ.

ಅಪ್ಪನ ಪ್ರಶ್ನೆ ಎಲ್ಲಿಂದ ಬಂತೆಂದು ದೇವಾನಂದನಿಗೆ ತಿಳಿಯಿತು.

"ಇಲ್ಲಪ್ಪ. ನಾನೂ ಮೊದಲ ಅದನ್ನೇ ಕೇಳೀನಿ. ಸಿಮೆಂಟ್ ಹೇರಿಕೊಂಡು ಹೊಂಟಿದ್ದ ಹಡಗ. ಬಂಡಿಗಲ್ಲಿಗೆ ಬಡದು ತೂತಾತು. ಎಲ್ಲಾರೂ ಸಣ್ಣ ದೋಣ್ಯಾಗ ಇಳದು ಬದುಕ್ಯಾರ. ಹೆಣ ಇದ್ದ ನೀರಿಗಿ ನಾ ಇಳಿಯಾಂಗಿಲ್ಲ."

"ಮತ್ತ ಯಾಕ ಹೋಗ್ತಿಯೋ?"

ದೇವಾನಂದ ಮೊಬೈಲನ್ನು ಕಟ್ಟೆಯ ಮೇಲಿಟ್ಟ. ಆಮೇಲೆ ಹೇಳಿದ: "ನೀ ನೀರಿಗಿ ಇಳದಾಗೆಲ್ಲ ಮ್ಯಾಲ ಯಾರರೆ ಅಳಾಕತ್ತಿರತಿದ್ರು ಅಪ್ಪ. ನಾ ಸಣ್ಣಾವಿದ್ದಾಗಿಂದ ನೋಡೀನಿ. ನನಗ ಒಮ್ಮೆ ಸುಮ್ನ ಇಳೀಬೇಕಾಗೇದ. ಯಾರೂ ಕರೀಲಾರ್ದ. ಏನೂ ಎತ್ತಲಾರ್ದ. ಇಳದು, ನೋಡಿ, ಬರೂದು. ಅಷ್ಟ."

ಹುಲೆಪ್ಪನಿಗೆ ಮಗನ ಮೇಲೆ ಸಣ್ಣದೊಂದು ಹೆಮ್ಮೆಯಾಯಿತು, ಅದನ್ನು ಅಡಗಿಸಲು ತಣ್ಣಗಾದ ಚಹಾವನ್ನೇ ಮತ್ತೆ ಕುಡಿದ. ಮಾತು ಅಲ್ಲಿಗೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೊಬೈಲಿನಲ್ಲಿ ವಿಡಿಯೋ ಇನ್ನೂ ಓಡುತ್ತಿತ್ತು. ಯಾವನೋ ಗಡ್ಡದವನು ಬೆರಳೆತ್ತಿ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಹೇಳುತ್ತಿದ್ದ. ಏನು ಹೇಳುತ್ತಾನೆ ಎಂದು ಹುಲೆಪ್ಪ ಕೇಳಿದ.

"ಎಲ್ಲಾಕಿಂತ ಮೊದಲನೇ ಕಾಯ್ದೆ ಹೇಳಾಕತ್ತಾನ. ನೀರಿನ ಒಳಗ ದಮ್ ಹಿಡಿಯಬಾರದು ಅಂತ. ಏನೇ ಆಗಲಿ, ಉಸರ ಬಿಡತಾನೇ ಮ್ಯಾಲ ಬರಬೇಕು." ದೇವಾನಂದ ನಕ್ಕ. "ಮುರ್ಡೇಶ್ವರದಾಗ ನನಗ ಇದಕ್ಕೇ ಬೈಸಿಕೊಳ್ಳೂದಾತಪ್ಪ. ಉಳಿದಿದ್ದೆಲ್ಲ ಬರೋಬ್ಬರಿ ಮಾಡ್ತಿ, ಜರಾ ಗಾಬರಿಯಾದ್ರ ಬಾಯಿ ಗಟ್ಟಿ ಮುಚ್ಚಿಕೋತಿ, ಯಾರ್ ಕಲಿಸ್ಯಾರ ನಿನಗ ಅಂತ ಕೇಳಿದ ಮಾಸ್ತರ. ನಮ್ಮಪ್ಪ ಅಂದೆ!"

ದೇವಾನಂದನಿಗೆ ಇದು ತಮಾಷೆ. ಹುಲೆಪ್ಪನ ಮುಖ ಕಪ್ಪಿಟ್ಟಿತು.

"ಹಿಡದ್ರ ಏನಾಗ್ತದ?"

ಮಗ ತಡವರಿಸಿದ. ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದ ಮಧುಮತಿ, ಮಾವ ಕೇಳಿದ್ದಕ್ಕೆ ಕ್ಲಾಸಿನಲ್ಲಿ ಹೇಳಿದಷ್ಟೇ ನೇರವಾಗಿ ಹೇಳಿಬಿಟ್ಟಳು. "ನೀವು ಬಾವಿಗಿ ಇಳಿವಾಗ ಮ್ಯಾಲಿನ ಗಾಳಿ ಒಂದೇ ಸಲ ಎದ್ಯಾಗ ತುಂಬಿಕೊಂಡು ಇಳೀತಿದ್ರಿ, ಅದಕ್ಕ ಏನೂ ಆಗತಿರಲಿಲ್ರಿ ಮಾವ. ಇವರು ತಳದಾಗ ಸಿಲಿಂಡರಿನ ಗಾಳಿ ತಗೋತಾರ. ಆ ಗಾಳಿ ಅಲ್ಲಿ ಒತ್ತಿ ಹಿಡಿದಂಗ ಇರ್ತದ. ಮ್ಯಾಲ ಬಂದಂಗ ಉಬ್ಬತದ. ಬಾಯಿ ಮುಚ್ಚಿದ್ರ ಅದಕ್ಕ ಹೋಗಾಕ ದಾರಿಲ್ಲ. ಎದಿ ಒಳಗೇ..." ಎಂದವಳು, ಮಾವನ ಮುಖ ನೋಡಿ ನಿಲ್ಲಿಸಿದಳು.

ಒಡೆಯುತ್ತದೆ. ಅವಳು ನುಂಗಿದ ಮಾತು ಹುಲೆಪ್ಪನಿಗೆ ಕೇಳಿಸಿತು.

ದೇವಾನಂದ ಸಣ್ಣ ಹುಡುಗನಾಗಿದ್ದಾಗ ಅವನನ್ನು ಭೀಮೆಯ ಮಡುವಿಗೆ ಕರೆದುಕೊಂಡು ಹೋಗಿ ಈಜು ಕಲಿಸಿದವನು ಹುಲೆಪ್ಪನೇ. ಬೇರೆ ಮಕ್ಕಳಿಗೆ ಒಣ ಕುಂಬಳಕಾಯಿ ಕಟ್ಟಿ, ಹೊಟ್ಟೆಗೆ ಕೈ ಕೊಟ್ಟು, ಮುದ್ದು ಮಾಡಿ ಕಲಿಸುತ್ತಾರೆ. ಹುಲೆಪ್ಪ ಹಾಗೆ ಮಾಡಲಿಲ್ಲ. ಮಗನ ಬಾಯಿಯ ಮೇಲೆ ತನ್ನ ಅಂಗೈ ಒತ್ತಿ ನೀರೊಳಗೆ ಮುಳುಗಿಸಿದ. "ದಮ್ ಬಿಡಬ್ಯಾಡ. ಜೀವ ಹೋದ್ರೂ ಬಿಡಬ್ಯಾಡ. ಮುಖಕ್ಕ ಬಿಸಿಲು ಬಡಿಯೂತನ ಬಾಯಿ ತಗೀಬ್ಯಾಡ" ಎಂದು ದಿನವೂ ಹೇಳಿದ. ಹುಡುಗ ಅಳುತ್ತಿದ್ದ. ಕಸ್ತೂರಿಬಾಯಿ ಬೈಯುತ್ತಿದ್ದಳು. ಹುಲೆಪ್ಪ ಬಿಡಲಿಲ್ಲ. ಊರವರು ಮುಳುಗಿದರೆ ಎತ್ತಲು ತಾನಿದ್ದೇನೆ, ತನ್ನ ಮಗ ಮುಳುಗಿದರೆ ಎತ್ತಲು ಯಾರು ಬರುತ್ತಾರೆ ಎನ್ನುವುದು ಅವನ ಭಯ. ಆ ಭಯಕ್ಕೆ ಅವನಿಗೆ ಗೊತ್ತಿದ್ದ ಔಷಧ ಅದೊಂದೇ ಆಗಿತ್ತು.

ಬದುಕಲಿ ಎಂದು ಕಲಿಸಿದ ಪಾಠವೇ ಈಗ ಮಗನ ಎದೆಯೊಳಗೆ ಕೂತು ಕಾಯುತ್ತಿದೆ.

ಮೊದಲು ಹುಲೆಪ್ಪ ಎಲ್ಲ ಅಪ್ಪಂದಿರೂ ಮಾಡುವುದನ್ನೇ ಮಾಡಿದ, ಹೋಗಬೇಡ ಎಂದ. ಮಗ ಕೇಳಲಿಲ್ಲ. ಸಿಟ್ಟು ಮಾಡಿದ. ಮಗ ನಕ್ಕ. ಊಟ ಬಿಟ್ಟ. ಕಸ್ತೂರಿಬಾಯಿ ತಾಟು ತಂದು ಮುಂದೆ ಕುಕ್ಕಿ, "ಬ್ಯಾಡಂದ್ರ ಕೇಳೂ ಮಗನ್ನ ನೀವು ಹಡದಿಲ್ಲ. ಉಂಡು, ಏನ್ ಮಾಡಬೇಕು ಅದನ್ನ ಮಾಡ್ರಿ" ಎಂದಳು. ಹುಲೆಪ್ಪ ಉಂಡ. ಉಣ್ಣುತ್ತ ಏನು ಮಾಡಬೇಕೆಂದು ಹೊಳೆಯಿತು.

ಬೆಳಿಗ್ಗೆ ಬಿಸಿಲು ಏರಿದ ಮೇಲೆ ಮಗನನ್ನು ಕರೆದುಕೊಂಡು ಗೌಡರ ಬಾವಿಗೆ ಹೋದ. ಗೌಡರ ಮನೆಯವರೆಲ್ಲ ಕಲಬುರಗಿ ಸೇರಿ ಕಾಲವಾಯಿತು. ಹೊಲವನ್ನು ಪಾಲಿಗೆ ಮಾಡುವವನು ಮಸೂದ. ಹೆಗಲ ಮೇಲೆ ಟವೆಲು ಹಾಕಿಕೊಂಡು ಬಾವಿಯ ಕಡೆ ಬರುತ್ತಿದ್ದ ಹುಲೆಪ್ಪನನ್ನು ಕಂಡದ್ದೇ ಮಸೂದ ಕಬ್ಬಿನೊಳಗಿನಿಂದ ಕುಡಗೋಲು ಬಿಸಾಕಿ ಓಡಿ ಬಂದ.

"ಯಾರ್ ಬಿದ್ದಾರ್ರಿ ಕಾಕಾ? ಯಾ ಅಲ್ಲಾ, ಯಾವಾಗ?"

"ಯಾರೂ ಬಿದ್ದಿಲ್ಲೋ ಮಾರಾಯ. ಈಜಾಕ ಬಂದೀವಿ."

ಮಸೂದ ನಂಬಲಿಲ್ಲ. ಬಾವಿಯೊಳಗೆ ಮೂರು ಸಲ ಇಣುಕಿದ. ಅವನದೂ ತಪ್ಪಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ಕರೆಯದೆ ಹುಲೆಪ್ಪ ಆ ಮೆಟ್ಟಿಲು ಇಳಿದದ್ದು ಅದೇ ಮೊದಲು. ಆಮೇಲೆ ನಿಜ ಸಂಗತಿ ತಿಳಿದು ಮಸೂದ ಅಲ್ಲೇ ದಂಡೆಯ ಮೇಲೆ ಕೂತ. ಕಬ್ಬು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

ಹುಲೆಪ್ಪ ಹೇಳಿದಂತೆ ದೇವಾನಂದ ಮುಳುಗಿದ. ಗುಳುಗುಳು ಗುಳ್ಳೆ ಬಿಡುತ್ತ ಮೇಲೆ ಬಂದ. "ಬಂತಲ್ಲಪ್ಪ!" ಎಂದು ಕೂದಲು ಕೊಡವಿದ.

"ಹೇಳಿದಾಗ ಎಲ್ಲಾರೂ ಬಿಡ್ತಾರ. ಗಾಬರಿಯಾದಾಗ ಬಿಡಬೇಕು."

ಮತ್ತೆ ಮುಳುಗಿಸಿದ. ಈ ಸಲ ಹೇಳದೆ ಕೇಳದೆ ಹಿಂದಿನಿಂದ ನೀರಿಗೆ ಹಾರಿ ಮಗನ ಕಾಲು ಜಗ್ಗಿದ. ದೇವಾನಂದ ಒದ್ದಾಡಿ ಮೇಲೆ ಬಂದ. ತುಟಿ ಹೊಲಿದಂತೆ ಮುಚ್ಚಿತ್ತು. ಇನ್ನೊಮ್ಮೆ ಮಾಡಿದ, ಹಾಗೆಯೇ. ಮತ್ತೊಮ್ಮೆ ಮಸೂದನ ಕೈಯಿಂದ ತಳ್ಳಿಸಿದ, ಹಾಗೆಯೇ. ಪ್ರತಿ ಸಲವೂ ಮೇಲೆ ಬಂದ ಮೇಲೆಯೇ ಮಗನ ಬಾಯಿ ತೆರೆಯುತ್ತಿತ್ತು, ಬಿಸಿಲು ಮುಖಕ್ಕೆ ಬಡಿದ ಮೇಲೆಯೇ. ಮೊದಮೊದಲು ನಗುತ್ತಿದ್ದ ದೇವಾನಂದನ ನಗೆ ನಿಂತಿತು.

"ನಾ ಮುಚ್ಚಾಂಗಿಲ್ಲಪ್ಪ. ಬಾಯಿ ತಾನೇ ಮುಚ್ಚಿಕೋತದ."

ತಾನೇ ಮುಚ್ಚಿಕೊಳ್ಳುವುದಿಲ್ಲ ಎಂಬುದು ಹುಲೆಪ್ಪನಿಗೆ ಗೊತ್ತಿತ್ತು. ಆ ಬಾಯಿಯ ಮೇಲೆ ತನ್ನ ಅಂಗೈ ಈಗಲೂ ಇದೆ. ಅದನ್ನು ತಾನೇ ತೆಗೆಯಬೇಕು, ಬೇರೆ ಯಾವ ಮಾಸ್ತರನಿಂದಲೂ ಆಗುವ ಕೆಲಸವಲ್ಲ.

"ಬಾ," ಎಂದು ಮಗನ ಎರಡೂ ಭುಜ ಹಿಡಿದ. "ಈ ಸಲ ಕೂಡೇ ಹೋಗಮಿ."

ಬುತ್ತಿ ಹಿಡಿದುಕೊಂಡು ಅಷ್ಟೊತ್ತಿಗೆ ಬಂದ ಕಸ್ತೂರಿಬಾಯಿ ಮೇಲಿನಿಂದ, "ವಯಸ್ಸೆಷ್ಟು, ಆಟ ಎಂಥಾದ್ದು! ಮ್ಯಾಲ ಬರ್ರಿ ಸುಮ್ನ!" ಎಂದು ಕೂಗಿದಳು. ಅಪ್ಪ ಮಗ ಇಬ್ಬರೂ ನೀರೊಳಗೆ ಮಾಯವಾಗಿದ್ದರು.

ಹುಲೆಪ್ಪ ಕಿವಿ ನೋಯುವ ತನಕ ಇಳಿದ. ನೀರು ತಣ್ಣಗಾಗುತ್ತ ಹೋಯಿತು. ಮಗನ ಭುಜ ಕೈಯೊಳಗೆ ಬಿಗಿಯಾಗಿತ್ತು. ಅಲ್ಲಿ ನಿಂತು ಹುಲೆಪ್ಪ ಜೀವಮಾನದಲ್ಲಿ ಎಂದೂ ಮಾಡದ ಕೆಲಸ ಮಾಡಿದ. ತಳದಲ್ಲಿ ಬಾಯಿ ತೆರೆದ. ಎದೆ ಒಪ್ಪಲಿಲ್ಲ. ಹೊಲ ಅವನದಾಗಿರಲಿಲ್ಲ, ಬಾವಿ ಅವನದಾಗಿರಲಿಲ್ಲ, ಎದೆಯಲ್ಲಿ ಹಿಡಿದ ಆ ಒಂದು ಬೊಗಸೆ ಗಾಳಿ ಮಾತ್ರ ಅವನದಾಗಿತ್ತು. ಅದನ್ನು ಬಿಟ್ಟರೆ ಸತ್ತೆ ಎಂದು ಮೈಯೆಲ್ಲ ಕೂಗಿತು. ಬಹಳ ಹೆದರಿಕೆಯಾಯಿತು ಹುಲೆಪ್ಪನಿಗೆ, ಸುಳ್ಳೇಕೆ ಹೇಳಲಿ. ಆದರೂ ಬಿಟ್ಟ. ಗುಳ್ಳೆಗಳು ಗುಂಪಾಗಿ ಹೊರಟು ಮಗನ ಮುಖಕ್ಕೆ ಬಡಿದವು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವನ ಕೈಯೊಳಗಿನ ಭುಜ ಸಡಿಲಾಯಿತು. ಹುಲೆಪ್ಪನ ಕೆನ್ನೆಗೆ ಏನೋ ಮೆತ್ತಗೆ ತಾಗಿ ಮೇಲೆ ಹೋಯಿತು. ಇನ್ನೊಂದು ತಾಗಿತು. ಮಗನ ಉಸಿರು. ಇಬ್ಬರೂ ಒಬ್ಬರಿಗೊಬ್ಬರು ಉಸಿರು ಕೊಡುತ್ತ ನಿಧಾನ ಮೇಲೇರಿದರು.

ಮೇಲೆ ಕಸ್ತೂರಿಬಾಯಿ ಬುತ್ತಿಯ ಗಂಟನ್ನೇ ಎತ್ತಿ ಹೊಡೆಯುವಂತೆ ನಿಂತಿದ್ದಳು. ಮಸೂದ ಮಾತ್ರ ಚಪ್ಪಾಳೆ ಹೊಡೆದ.

ಒಂದು ದಿನದ ಪಾಠದಿಂದ ಹಳೆಯ ಅಭ್ಯಾಸ ಬಿಟ್ಟು ಹೋಗುತ್ತದೆಯೇ? ರಜೆ ಮುಗಿಯುವ ತನಕ ದಿನವೂ ಇಳಿದರು. ಆಮೇಲೆ ದೇವಾನಂದ ಪ್ರತಿ ಭಾನುವಾರ ಆಳಂದದಿಂದ ಗಾಡಿ ಹೊಡೆದುಕೊಂಡು ಬಂದ. ಚಳಿಗಾಲದಲ್ಲಿ ಹುಲೆಪ್ಪನ ಹಲ್ಲು ಕಟಕಟ ಎಂದವು, ಆದರೂ ಬಿಡಲಿಲ್ಲ. ಕೆಲವು ಸಲ ಮಗನ ಬಾಯಿ ತೆರೆಯುತ್ತಿತ್ತು, ಕೆಲವು ಸಲ ಇಲ್ಲ. ಫೆಬ್ರವರಿ ಬಂದೇ ಬಂತು. ಹೊರಡುವ ದಿನ ಕಸ್ತೂರಿಬಾಯಿ ಬುದ್ಧನ ಫೋಟೋದ ಮುಂದೆ ಮೇಣಬತ್ತಿ ಹಚ್ಚಿದಳು. ಮಗ ಕಾಲಿಗೆ ಬಿದ್ದಾಗ ಹುಲೆಪ್ಪ ಅವನ ಭುಜ ಹಿಡಿದು ಎತ್ತಿದ.

ಇಳಿಯುವ ದಿನ ಗೊತ್ತಿತ್ತು. ಮಧುಮತಿ ಶಾಲೆಗೆ ರಜೆ ಹಾಕಿ ಕರಜಗಿಗೇ ಬಂದಿದ್ದಳು. ಮಧ್ಯಾಹ್ನಕ್ಕೆ ಬರಬೇಕಾದ ಫೋನು ಸಂಜೆಯಾದರೂ ಬರಲಿಲ್ಲ. ಮೂವರೂ ಕಾಯುತ್ತ ಕೂತರು. ಹುಲೆಪ್ಪ ಎಷ್ಟೋ ಮನೆಗಳಲ್ಲಿ ಹೀಗೆ ಕೂತವರನ್ನು ನೋಡಿದ್ದ, ತಾನು ಹೀಗೆ ಕೂತಿರಲಿಲ್ಲ. ಕೊನೆಗೆ ಫೋನು ಬಂತು. ಮಧುಮತಿ ಎತ್ತಿದಳು, ಕೇಳಿದಳು, ಅಳುತ್ತ ನಗುತ್ತ ಮಾವನ ಕೈಗೆ ಕೊಟ್ಟಳು.

"ಅಪ್ಪಾ, ನಾ ಆರಾಮ ಇದ್ದೀನಿ. ಮೊದಲ ಅದನ್ನ ಕೇಳು."

"ಕೇಳೀನಿ. ಮುಂದ ಹೇಳು."

ಹಡಗು ನೋಡಿ ಎಲ್ಲರೂ ಮೇಲೆ ಬರುತ್ತಿದ್ದರಂತೆ. ಜೊತೆಯ ಪ್ರವಾಸಿಗಳಲ್ಲಿ ಒಬ್ಬ, ಹೊಸ ಹೊಸ ಸಾಮಾನು ಹೊತ್ತುಕೊಂಡು ಬಂದಿದ್ದವನು, ನೋಡುವ ಸಂಭ್ರಮದಲ್ಲಿ ತನ್ನ ಸಿಲಿಂಡರಿನ ಗಾಳಿ ಮುಗಿದದ್ದನ್ನು ಗಮನಿಸಿರಲಿಲ್ಲ. ಜೀವಭಯದಲ್ಲಿ ದೇವಾನಂದನ ಮೇಲೆ ಬಿದ್ದು ಬಾಯೊಳಗಿನ ಕೊಳವೆಯನ್ನೇ ಕಿತ್ತ. ಮುಖಕ್ಕೆ ಕಟ್ಟಿದ್ದ ನೀರಿನ ಕನ್ನಡಕವೂ ಹೋಯಿತು. ಇಂಥ ಹೊತ್ತಿಗೆಂದೇ ಇರುವ ಇನ್ನೊಂದು ಕೊಳವೆಗೆ ತಡಕಾಡಿದರೆ ಕೈಗೆ ಸಿಗಲಿಲ್ಲ. ಮೇಲೆ ಬರುವುದೊಂದೇ ದಾರಿ.

"ಬಾಯಿ ಮುಚ್ಚಿಕೊಂತಪ್ಪ," ಎಂದ ದೇವಾನಂದ. "ಹಳೇದರಂಗೇ ಗಟ್ಟಿ ಮುಚ್ಚಿಕೊಂತು."

ಹುಲೆಪ್ಪ ಗೋಡೆಗೆ ಒರಗಿದ.

"ಆಮ್ಯಾಲ ನಿನ್ನ ಗುಳ್ಳಿ ಮುಖಕ್ಕ ಬಡದಂಗಾತು. ಬಿಟ್ಟೆ. ಬಿಡಕೋತನೇ ಬಂದೆ."

"ಅಂವ? ಆ ಇನ್ನೊಬ್ಬಾಂವ?"

"ಕಿತ್ತುಕೊಂಡ ಕೊಳವೀನೂ ಕೈಬಿಟ್ಟು, ದಮ್ ಹಿಡಕೊಂಡು ಮ್ಯಾಲ ಬಂದಿದ್ದ. ಬಾಯಾಗ ರಕ್ತ. ದೋಣಿ ಬರೂತನ ನಾನೇ ಹಿಡಕೊಂಡಿದ್ದೆ. ದವಾಖಾನಿದಾಗ ಇದ್ದಾನ, ಉಳೀತಾನಂತ ಡಾಕ್ಟರ ಹೇಳ್ಯಾರ. ಅದಕ್ಕೇ ಫೋನ್ ಮಾಡಾಕ ತಡಾ ಆತು."

ಹುಲೆಪ್ಪ ಫೋನನ್ನು ಕಿವಿಯಿಂದ ತೆಗೆಯಲೇ ಇಲ್ಲ. ಆ ಕಡೆ ಲೈನು ಕಟ್ಟಾದ ಮೇಲೂ ಹಿಡಿದೇ ಕೂತಿದ್ದ. ಸೊಸೆಯ ಮುಂದೆ ಅಳಬಾರದೆಂದುಕೊಂಡ, ಆಗಲಿಲ್ಲ.

ವಾರ ಕಳೆದು ದೇವಾನಂದ ಊರಿಗೆ ಬಂದ. ಕಸ್ತೂರಿಬಾಯಿ ಹೋಳಿಗೆ ಮಾಡಿ, ತುಪ್ಪ ಸುರಿದು, ಸುರಿಯುತ್ತಲೇ ಬೈದಳು. ಉಂಡ ಮೇಲೆ ಎಲ್ಲರೂ ಕಟ್ಟೆಯ ಮೇಲೆ ಕೂತರು. ಹುಲೆಪ್ಪ ಮಗನ ಎದೆಯ ಮೇಲೆ ಅಂಗೈ ಇಟ್ಟು, ಅದು ಏರುವುದನ್ನೂ ಇಳಿಯುವುದನ್ನೂ ನೋಡಿದ. ಮನಸ್ಸಿಗೆ ಸಮಾಧಾನವಾಗುವ ತನಕ ನೋಡಿದ. ಆಮೇಲೆ ಕೇಳಿದ.

"ಮತ್ತ ಹೋಗ್ತಿಯೇನು?"

ದೇವಾನಂದ ಹೆಂಡತಿಯ ಮುಖ ನೋಡಿದ, ಅವ್ವನ ಮುಖ ನೋಡಿದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೆದರಿಕಿ ಆಗೇದಪ್ಪ. ಖರೆ ಹೇಳಬೇಕಂದ್ರ, ಹೋಗಬೇಕು ಅಂತನೂ ಅನಸ್ತದ."

"ಕೇಳ್ರಿ, ಕೇಳ್ರಿ ನಿಮ್ಮ ಮಗನ ಮಾತು!" ಎಂದು ಕಸ್ತೂರಿಬಾಯಿ ಗಂಡನ ಕಡೆ ತಿರುಗಿದಳು. ಹುಲೆಪ್ಪ ಈಗ ಗುಡುಗುತ್ತಾನೆ ಎಂದೇ ಎಲ್ಲರೂ ಎಣಿಸಿದ್ದರು.

ಹುಲೆಪ್ಪ ಗುಡುಗಲಿಲ್ಲ. ಸ್ವಲ್ಪ ನಾಚಿಕೊಂಡವನ ಹಾಗೆ ಕೇಳಿದ: "ತಳದಾಗ ಏನೇನು ಕಂಡಿ?"

ದೇವಾನಂದ ಜೇಬಿಗೆ ಕೈ ಹಾಕಿ ಮೊಬೈಲು ತೆಗೆಯಲು ಹೋದ.

"ಅದು ಬ್ಯಾಡ. ನೀ ಬಾಯಿಲೇ ಹೇಳು."

"ನಿನಗೇನ್ ಹೇಳೂದಪ್ಪ? ನನಗಿಂತ ಹೆಚ್ಚು ನೀರಿನ ತಳ ನೋಡಿದಾಂವ ನೀನು."

"ನಾ ನೋಡಿಲ್ಲೋ." ಹುಲೆಪ್ಪ ತನ್ನ ಕೈಗಳನ್ನೇ ನೋಡುತ್ತ ಹೇಳಿದ. "ಯಾರ ಮುಂದೂ ಹೇಳಿಲ್ಲ. ಅವರ ಮುಖ ನೋಡಾಕ ನನ್ನಿಂದ ಆಗತಿರಲಿಲ್ಲ. ಕಣ್ಣ ಮುಚ್ಚಿಕೊಂಡೇ ಇಳೀತಿದ್ದೆ, ಕೈಲೇ ಹುಡುಕತಿದ್ದೆ, ಕಣ್ಣ ಮುಚ್ಚಿಕೊಂಡೇ ಮ್ಯಾಲ ಬರ್ತಿದ್ದೆ. ನೀರಿನ ಒಳಗ ಒಂದಿನಾನೂ ಕಣ್ಣ ತಗದಿಲ್ಲ."

ಕಸ್ತೂರಿಬಾಯಿ ಅಡಿಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸಿದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ಈ ಮಾತು ಹೊಸದು.

ದೇವಾನಂದ ಅಪ್ಪನ ಹತ್ತಿರಕ್ಕೆ ಸರಿದು ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂತ. ಹೇಳತೊಡಗಿದ. "ಮೊದಲ ಏನೂ ಕಾಣಾಂಗಿಲ್ಲಪ್ಪ. ಬರೇ ಹಸರು. ಇನ್ನ ಕೆಳಗ ಹೋದ್ರ ನೀಲಿ ಆಗ್ತದ. ಆಮ್ಯಾಲ ಹಡಗದ ಮೂಗ ಕಾಣತದ. ಅದರ ತುಂಬ ಏನೇನೋ ಬೆಳದದ, ಹೂವಿನ ತ್ವಾಟದಂಗ. ಕಿಡಕ್ಯಾಗಿಂದ ಸಣ್ಣ ಸಣ್ಣ ಮೀನ ಸಾಲ ಹಚ್ಚಿ ಹೊರಗ ಬರ್ತಾವ, ಶಾಲಿ ಬಿಟ್ಟಂಗ..."

"ತಡಿ, ಜಲ್ದಿ ಮಾಡಬ್ಯಾಡ," ಎಂದ ಹುಲೆಪ್ಪ. "ಆ ಮೀನದ ಬಣ್ಣ ಯಾವದು?"